ಜ್ವರದವರ ಬ್ರೆಡ್ಡು

ನಮ್ಮೂರ ಕಡೆ ಬ್ರೆಡ್ಡೆಂದರೆ ಜ್ವರ ಬಂದವರ ತಿಂಡಿ. ಗಟ್ಟಿಮುಟ್ಟಾದವರೂ ದುಡ್ಡು ಕೊಟ್ಟು ಅದನ್ನು ತಿನ್ನುವುದು ಮುಂಬಯಿಯಲ್ಲಿ ಮಾತ್ರ ಎಂದು ಅಮ್ಮ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳನ್ನು ಮಾಟುಂಗಕ್ಕೆ ಕರೆತಂದೆ. ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ಸ್ಟೇಷನ್ ಹತ್ತಿರದ ನಾಲ್ಕು ಮೇಜಿನ ಹೋಟೆಲಿನಲ್ಲಿ ಟೋಸ್ಟ್ ಸ್ಯಾಂಡ್‌ವಿಚ್ ಹೇಳಿದೆ. ಮೊದಲು ಬೆಣ್ಣೆ, ಆಮೇಲೆ ಕೊತ್ತಂಬರಿ ಸೊಪ್ಪಿನ ಚಟ್ನಿ. ಬೆಣ್ಣೆ ತಡೆಯದಿದ್ದರೆ ಚಟ್ನಿಯ ನೀರಿಗೆ ಬ್ರೆಡ್ಡು ಮೆತ್ತಗಾಗುತ್ತದೆ. ಮೇಲೆ ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಸೌತೆ, ಟೊಮೆಟೊ, ಈರುಳ್ಳಿ, ಚಾಟ್ ಮಸಾಲೆ. ಉದ್ದ ಹಿಡಿಯ ಟೋಸ್ಟರನ್ನು ಉರಿಯ ಮೇಲೆ ತಿರುವಿ ಹಾಕಿ ಸುಟ್ಟು, ಆರು ತುಂಡು ಮಾಡಿ ತಂದಿಟ್ಟರು.

ಅಮ್ಮ ಒಂದೊಂದಾಗಿ ಐದು ತಿಂದಳು. ಆರನೆಯದನ್ನು ನನ್ನತ್ತ ಸರಿಸಿ, "ಚಟ್ನಿಗೆ ಉಪ್ಪು ಸಾಲದು" ಎಂದಳು. ಮೂರು ತಿಂಗಳಲ್ಲಿ ಅವಳು ರುಚಿಯ ಬಗ್ಗೆ ಆಡಿದ ಮೊದಲ ಮಾತು ಅದು.