ತಮಾಷೆಗಂದೆ ಕಣ್ಲಾ

ನಾನು ಬಿ.ಎ. ಪಾಸಾದ ವಾರ. ಅಪ್ಪನೂ ನಾನೂ ಗೌಡರ ಜಗಲಿ ಮುಂದೆ ನಿಂತಿದ್ದೆವು. 'ಏನ್ಲಾ, ನಿನ್ ಮಗ ಸಾಹೇಬ ಆಗ್ಬುಟ್ನಂತೆ? ಇನ್ಮ್ಯಾಕೆ ನಮ್ ಸತ್ತ ದನ ಎತ್ತಾಕೆ ಕಾರಲ್ಲಿ ಬತ್ತಾನೇನ್ಲಾ?' ಜಗಲಿಯೆಲ್ಲ ನಕ್ಕಿತು. ಅಪ್ಪನೂ ನಕ್ಕ. ನಾನು ದುರುಗುಟ್ಟಿದ್ದು ಕಂಡು, 'ತಮಾಷೆಗಂದೆ ಕಣ್ಲಾ, ಓದಿರೋನ್ಗೆ ಅಷ್ಟೂ ತಿಳೀದಾ?' ಅಂದರು ಗೌಡರು.

ಆ ನಗುವನ್ನು ಮತ್ತೆ ಕೇಳಿದ್ದು ಅಮೆರಿಕದ ರೇಡಿಯೋದಲ್ಲಿ. ರಷ್ ಲಿಂಬಾ ಎಂಬಾತನ ಹಳೆಯ ಮಾತುಗಳನ್ನು ಗೆಳೆಯ ತನ್ನ ಫೋನಿನಲ್ಲಿ ಕೇಳಿಸಿದ. ವಿವಾದದ ವಿಷಯ ಬಂದರೆ ಎದುರು ಅಭಿಪ್ರಾಯಕ್ಕೂ ಜಾಗ ಕೊಡಬೇಕೆಂಬ ನಿಯಮ ಅಲ್ಲಿ 1949ರಿಂದ ಇತ್ತು. 1987ರಲ್ಲಿ ಸರ್ಕಾರದ ಆಯೋಗವೇ ಅದನ್ನು ಕಿತ್ತುಹಾಕಿತು. ಮರುವರ್ಷ ಈತನ ಮಾತು ದೇಶದ ತುಂಬ ಹರಡಿತು. ಮೈಕು ಆತನದು, ಫೋನ್ ಮಾಡಿದವರ ಬಾಯಿ ಮುಚ್ಚಿಸುವ ಗುಂಡಿಯೂ ಆತನದು.

ನಡುಕದ ಕಾಯಿಲೆಯ ನಟ ಮೈಕೇಲ್ ಜೆ. ಫಾಕ್ಸ್‌ರನ್ನು 2006ರಲ್ಲಿ ಮೈ ಕುಲುಕಿಸಿ ಅಣಕಿಸಿದ. 2007ರಲ್ಲಿ ಒಬಾಮರ ಬಣ್ಣ ಹಿಡಿದು ಅಣಕು ಹಾಡು ಹಾಕಿದ. ಗರ್ಭನಿರೋಧಕಕ್ಕೂ ವಿಮೆ ಸಿಗಲಿ ಎಂದ ಕಾನೂನು ವಿದ್ಯಾರ್ಥಿನಿಯನ್ನು 2012ರಲ್ಲಿ ಸೂಳೆ ಎಂದ. ಜಾಹೀರಾತಿನವರು ಕಾಲ್ತೆಗೆಯತೊಡಗಿದ ಮೇಲೆ ಕ್ಷಮೆ ಕೇಳಿದ. ಹೇಗೆ ಗೊತ್ತೇ? ನಗಿಸಲು ಹೋಗಿ ಪದ ತಪ್ಪಿತು ಅನ್ನೋ ಧಾಟಿಯಲ್ಲಿ. ನಮ್ಮೂರ ಗೌಡರು ಇವನಿಗೇನಾದರೂ ಪಾಠ ಹೇಳಿದ್ದರೋ ಏನೋ! 2020ರಲ್ಲಿ ಟ್ರಂಪ್ ಅವನಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ಕೊಟ್ಟರು. ಮರುವರ್ಷ ಸತ್ತ.

ಇಂಥವರಿಂದ ಸಭ್ಯತೆ ಹಾಳಾಯ್ತು ಅಂತ ಅಲ್ಲಿ ಗೋಳಾಡುವವರಿದ್ದಾರೆ. ಸ್ವಾಮಿ, ಆ ಸಭ್ಯತೆ ಯಾರ ಮನೆಯಲ್ಲಿತ್ತು? ಕರಿಯರನ್ನು ಬಸ್ಸಿನ ಹಿಂದಿನ ಸೀಟಿಗೆ ತಳ್ಳಿದ ಕಾಲದಲ್ಲೂ ಅದು ಇತ್ತಲ್ಲವೇ?

ಹಾಗಂತ ವ್ಯಂಗ್ಯವನ್ನೇ ಬೈಯಲಾರೆ. ನಮ್ಮ ಕೇರಿ ಉಳಿದದ್ದೇ ಅದರಿಂದ. ಗೌಡರ ನಡಿಗೆ, ಕೆಮ್ಮು, ಮೀಸೆ ಎಲ್ಲವನ್ನೂ ನನ್ನವ್ವ ಮಾಡಿ ತೋರಿಸಬಲ್ಲಳು. ಆದರೆ ಒಲೆ ಮುಂದೆ, ಬಾಗಿಲು ಹಾಕಿಕೊಂಡು, ಮೆಲ್ಲಗೆ. ಹೊರಗೆ ಕೇಳಿಸಿದರೆ ನಾಳೆಯ ಕೂಲಿ ಹೋಗುತ್ತೆ. ಲಿಂಬಾನಿಗೆ ಹೋದದ್ದು ಒಂದಷ್ಟು ಜಾಹೀರಾತು.

ಅವತ್ತು ರಾತ್ರಿ ಉಣ್ಣುವಾಗ ಕೇಳಿದ್ದೆ: 'ನೀನ್ಯಾಕಪ್ಪ ನಕ್ಕೆ?'

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. 'ನಗ್ದೆ ಇದ್ದಿದ್ರೆ ಇನ್ನೊಂದ್ ಅಂತಿದ್ರು ಕಣ್ ಮಗ' ಅಂದ.