ತುಟಿ ಮುಂದೆ, ಮಾತು ಹಿಂದೆ

ಸಹೋದರಿಯರೇ, ನಿಮ್ಮ ಮನೆಯ ಕಪಾಟಿನ ಮೇಲಿನ ಅರೆಯಲ್ಲೂ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಇದ್ದೀತು. ಅದರೊಳಗೆ ಕಾಗದದ ಲಕೋಟೆಗಳಲ್ಲಿ ಐದೋ ಹತ್ತೋ ಸಿಡಿ, ಡಿವಿಡಿಗಳು. ಒಂದರ ಮೇಲೆ ‘ದೊಡ್ಡವಳ ನಿಕಾಹ್’ ಎಂದು ಬರೆದಿದ್ದರೆ ಇನ್ನೊಂದರ ಮೇಲೆ ‘ಹಜ್ಜ್‌ಗೆ ಹೊರಟದ್ದು’ ಎಂದಿರುತ್ತದೆ. ಮೂರನೆಯದರ ಮೇಲೆ ಏನೂ ಇರುವುದಿಲ್ಲ. ತೊಂಬತ್ತರ ದಶಕದಲ್ಲೂ ಆಮೇಲಿನ ಕೆಲವು ವರ್ಷಗಳಲ್ಲೂ ದುಬೈ, ದಮ್ಮಾಮ್‌ಗಳಿಂದ ರಜೆಗೆ ಬಂದ ನಮ್ಮ ಅಣ್ಣಂದಿರು, ಭಾವಂದಿರು ತಂದ ಹ್ಯಾಂಡಿಕ್ಯಾಮ್‌ಗಳಲ್ಲಿ ತೆಗೆದ ಚಿತ್ರಗಳವು. ಮೊದಲು ಟೇಪಿನಲ್ಲಿದ್ದವು. ಟೇಪು ಹಾಕಿ ನೋಡುವ ಯಂತ್ರಗಳು ಮೂಲೆ ಸೇರಿದ ಮೇಲೆ ಪೇಟೆಯ ಅಂಗಡಿಗಳಲ್ಲಿ ಸಿಡಿಗಳಾಗಿ ಬದಲಾದವು.

ಈ ಸಿಡಿಗಳಿಗೆ ಒಂದು ಸಾಮಾನ್ಯ ಕಾಯಿಲೆಯಿದೆ. ತುಟಿ ಮುಂದೆ ಹೋಗುತ್ತದೆ, ಮಾತು ಹಿಂದಿನಿಂದ ಬರುತ್ತದೆ. ಸಲಾಂ ಹೇಳಿದವರು ಬಾಯಿ ಮುಚ್ಚಿದ ಮೇಲೆ ಸಲಾಂ ಕೇಳಿಸುತ್ತದೆ. ಮಕ್ಕಳು ‘ಡಬ್ಬಿಂಗ್ ಸಿನಿಮಾ’ ಎಂದು ನಗುತ್ತಾರೆ. ದೊಡ್ಡವರು ಸ್ವಲ್ಪ ಹೊತ್ತು ಸಹಿಸಿಕೊಂಡು ನೋಡಿ, ಹಳೆಯದಲ್ಲವೇ, ಕೆಟ್ಟುಹೋಗಿದೆ ಎಂದು ತೆಗೆದಿಡುತ್ತಾರೆ. ಆದರೆ ಅದು ಕೆಟ್ಟಿರುವುದಿಲ್ಲ. ಹೆಚ್ಚಿನ ಸಿಡಿಗಳಲ್ಲಿ ಚಿತ್ರವೂ ಇದೆ, ಧ್ವನಿಯೂ ಇದೆ, ಅವೆರಡರ ಹೊಂದಿಕೆ ಮಾತ್ರ ತಪ್ಪಿದೆ. ಅದನ್ನು ಮನೆಯಲ್ಲೇ ಕುಳಿತು ಸರಿಪಡಿಸಬಹುದು. ಖರ್ಚಿಲ್ಲ, ತಾಳ್ಮೆ ಬೇಕು.

ಮದುವೆಗೆ ವಿಡಿಯೋ ಬೇಕೇ, ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕೇ ಎಂಬುದು ಬೇರೆಯೇ ಚರ್ಚೆ. ಆ ಬಗ್ಗೆ ನನಗೂ ಅಭಿಪ್ರಾಯವಿದೆ, ಇಲ್ಲಿ ಅದು ಬೇಡ. ತೆಗೆದದ್ದು ತೆಗೆದಾಗಿದೆ. ಈಗ ನಮ್ಮೊಂದಿಗಿಲ್ಲದ ಎಷ್ಟೋ ಜನರ ಸ್ವರ ಅವುಗಳಲ್ಲಿದೆ.

ನಾನು ಈ ಕೆಲಸಕ್ಕೆ ಕೈಹಾಕಿದ್ದು ಚಿಕ್ಕಮ್ಮನಿಗಾಗಿ. ಅವರಿಗೆ ಕಿವಿ ಮಂದ. ಶ್ರವಣಯಂತ್ರ ಇದೆಯಾದರೂ ಅರ್ಧ ಕಿವಿಯಿಂದ, ಅರ್ಧ ಎದುರಿನವರ ತುಟಿ ನೋಡಿ ಮಾತು ಗ್ರಹಿಸುತ್ತಾರೆ. 2004ರಲ್ಲಿ ಅಣ್ಣ ರಜೆಗೆ ಬಂದಿದ್ದಾಗ ಉಮ್ಮನನ್ನು ಹಿಂದಿನ ಜಗಲಿಯಲ್ಲಿ ಕೂರಿಸಿ ಹತ್ತಿರ ಹತ್ತಿರ ಒಂದು ಗಂಟೆ ಮಾತನಾಡಿಸಿದ್ದ. ಉಮ್ಮ ತೀರಿಹೋಗಿ ವರ್ಷಗಳಾದವು. ಅವರ ಸ್ವರ ಉಳಿದಿರುವುದು ಅಂಗಡಿಯಲ್ಲಿ ಮಾಡಿಸಿದ ಆ ಒಂದು ಡಿವಿಡಿಯಲ್ಲಿ ಮಾತ್ರ. ಒಂದು ಈದ್‌ಗೆ ಎಲ್ಲರೂ ಸೇರಿದ್ದಾಗ ಅದನ್ನು ಹಾಕಿದೆವು. ಮೊದಮೊದಲು ಚಿಕ್ಕಮ್ಮ ಚೆನ್ನಾಗಿಯೇ ನೋಡುತ್ತಿದ್ದರು. ಅರ್ಧ ಗಂಟೆಯ ಹೊತ್ತಿಗೆ ಎದ್ದುಬಿಟ್ಟರು. ‘ಅಕ್ಕನ ಬಾಯಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಬೀಳುತ್ತದೆ. ನನಗೆ ಎರಡೂ ತಿಳಿಯುವುದಿಲ್ಲ ಮಗಳೇ’ ಎಂದರು. ನಮಗೆ ಬರೀ ಕಿರಿಕಿರಿಯಾಗಿದ್ದದ್ದು ಅವರಿಗೆ ಅಕ್ಕನ ಮಾತೇ ಇಲ್ಲದಂತೆ ಮಾಡಿತ್ತು.

ಎಷ್ಟು ತಪ್ಪಿದರೆ ನಮಗೆ ಗೊತ್ತಾಗುತ್ತದೆ? ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲೊಂದು ಭಾಗ ಮಿಲಿಸೆಕೆಂಡ್. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಟಿ.ವಿ. ಪ್ರಸಾರದವರಿಗಾಗಿ ಹೊರಡಿಸಿದ ಶಿಫಾರಸಿನಲ್ಲಿ ಇದರ ಲೆಕ್ಕವಿದೆ. ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುವವರಿಗೆ ತಿಳಿಯತೊಡಗುತ್ತದೆ. ತಡವಾಗಿ ಬಂದರೆ ಮಾತ್ರ ಸುಮಾರು 125 ಮಿಲಿಸೆಕೆಂಡ್‌ವರೆಗೂ ತಿಳಿಯುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ? ಬಟ್ಟೆ ಕಲ್ಲಿಗೆ ಬಡಿದು ಕೈ ಮೇಲೆದ್ದ ಮೇಲೆ ಸದ್ದು ಬರುತ್ತದೆ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ, ಬೆಳಕು ಕಣ್ಣು ಮಿಟುಕಿಸುವ ಮೊದಲೇ ತಲುಪಿರುತ್ತದೆ. ತಡವಾಗುವ ಸದ್ದು ನಮಗೆ ಹುಟ್ಟಿನಿಂದ ರೂಢಿ. ಮುಂಚೆಯೇ ಬರುವ ಸದ್ದನ್ನು ನಾವು ಎಲ್ಲೂ ಕೇಳಿಲ್ಲ.

ಇನ್ನು ಕೆಲಸಕ್ಕೆ ಬರೋಣ. ತಪ್ಪು ಸಿಡಿಯದೋ ನಿಮ್ಮ ಟಿ.ವಿ.ಯದೋ ಎಂದು ಮೊದಲು ನೋಡಿಕೊಳ್ಳಿ. ಎಲ್ಲ ಸಿಡಿಗಳಲ್ಲೂ, ಮಾಮೂಲು ಚಾನೆಲ್‌ಗಳಲ್ಲೂ ಇದೇ ತೊಂದರೆ ಇದ್ದರೆ ಸಿಡಿಯನ್ನು ದೂರಬೇಡಿ. ಈಗಿನ ಚಪ್ಪಟೆ ಟಿ.ವಿ.ಗಳು ಚಿತ್ರವನ್ನು ಅಂದಗೊಳಿಸಲು ಒಂದಿಷ್ಟು ಸಮಯ ತೆಗೆದುಕೊಳ್ಳುತ್ತವೆ. ಪ್ಲೇಯರಿನಿಂದ ಧ್ವನಿಯ ವೈರನ್ನು ನೇರವಾಗಿ ಹೋಂ ಥಿಯೇಟರಿಗೆ ಕೊಟ್ಟಿದ್ದರೆ ಧ್ವನಿ ಮೊದಲು ಬಂದುಬಿಡುತ್ತದೆ. ಬ್ಲೂಟೂತ್ ಸ್ಪೀಕರ್ ಆದರೆ ಇದಕ್ಕೆ ಉಲ್ಟಾ, ಧ್ವನಿ ತಡ. ಸ್ಪೀಕರ್ ಬಿಡಿಸಿ ಟಿ.ವಿ.ಯ ಸ್ವಂತ ಧ್ವನಿಯಲ್ಲೇ ಒಮ್ಮೆ ಕೇಳಿನೋಡಿ. ಎಷ್ಟೋ ಮನೆಗಳ ಕಾಯಿಲೆ ಅಲ್ಲಿಗೇ ವಾಸಿಯಾಗುತ್ತದೆ.

ಒಂದೇ ಸಿಡಿ ಹಾಗಿದ್ದರೆ, ಅದು ಆರಂಭದಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ತಪ್ಪಿದೆಯೇ, ಹೋಗುತ್ತಾ ಹೋಗುತ್ತಾ ಹೆಚ್ಚುತ್ತಿದೆಯೇ, ಅಥವಾ ನಡುವೆ ಒಂದು ಕಡೆ ಥಟ್ಟನೆ ತಪ್ಪಿದೆಯೇ ಎಂದು ತಿಳಿಯಬೇಕು. ಮದ್ದು ಅದರ ಮೇಲೆ ನಿಂತಿದೆ. ತುಟಿ ನೋಡಿ ಅಳೆಯುವುದು ಕಷ್ಟ. ಒಂದು ವಸ್ತು ಇನ್ನೊಂದಕ್ಕೆ ಬಡಿಯುವ ಜಾಗ ಹುಡುಕಿ. ಸಿನಿಮಾದವರು ಪ್ರತಿ ದೃಶ್ಯದ ಮೊದಲು ಹಲಗೆ ಬಡಿಯುವುದು ಇದಕ್ಕಾಗಿಯೇ. ನಮ್ಮ ಸಿಡಿಗಳಲ್ಲಿ ಹಲಗೆಯಿಲ್ಲ, ಆದರೆ ಬಾಗಿಲು ಮುಚ್ಚುತ್ತದೆ, ಮಗು ಚಪ್ಪಾಳೆ ತಟ್ಟುತ್ತದೆ, ತಟ್ಟೆಗೆ ಸೌಟು ತಾಗುತ್ತದೆ. ಉಮ್ಮನ ಡಿವಿಡಿಯಲ್ಲಿ ಅಲ್ಲಾಹನ ಕೃಪೆಯಿಂದ ಕುಟ್ಟಾಣಿಯಿತ್ತು. ಹಲ್ಲು ಬಿದ್ದ ಮೇಲೆ ಉಮ್ಮ ಎಲೆಯಡಿಕೆಯನ್ನು ಅದರಲ್ಲಿ ಜಜ್ಜಿಯೇ ಬಾಯಿಗೆ ಹಾಕುತ್ತಿದ್ದರು. ಮಾತು ಶುರುಮಾಡುವ ಮೊದಲು ಒಮ್ಮೆ ಕುಟ್ಟಿದ್ದಾರೆ, ಅರ್ಧದಲ್ಲಿ ಒಮ್ಮೆ, ಮುಗಿಸುವ ಮುನ್ನ ಮತ್ತೊಮ್ಮೆ. ಅಳೆಯಲು ಇದಕ್ಕಿಂತ ಏನು ಬೇಕು?

ಒಂದೇ ಅಳತೆಯ ತಪ್ಪಾದರೆ ಕೆಲಸ ಬಹಳ ಸುಲಭ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳಿ. ಅದರಲ್ಲಿ ಸಿಡಿ ಓಡುತ್ತಿರುವಾಗ ಜೆ ಅಥವಾ ಕೆ ಕೀಲಿ ಒತ್ತಿದರೆ ಪ್ರತಿ ಒತ್ತಿಗೂ ಧ್ವನಿ 50 ಮಿಲಿಸೆಕೆಂಡ್ ಸರಿಯುತ್ತದೆ. ಒಂದು ಕೀಲಿ ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಒಂದನ್ನು ಒತ್ತಿದಾಗ ತಪ್ಪು ಹೆಚ್ಚಾದರೆ ಇನ್ನೊಂದನ್ನು ಒತ್ತಿ, ಅಷ್ಟೇ. ಪರದೆಯ ಮೇಲೆ ಅಂಕಿ ತೋರಿಸುತ್ತದೆ, ಅದನ್ನು ಸಿಡಿಯ ಲಕೋಟೆಯ ಮೇಲೆ ಬರೆದಿಡಿ. ಮೊಬೈಲಿನ ವಿಎಲ್‌ಸಿಯಲ್ಲೂ ಈ ಸೌಲಭ್ಯವಿದೆ. ಆದರೆ ಇದು ನೋಡುವ ಹೊತ್ತಿಗೆ ಮಾತ್ರ, ಸಿಡಿ ಹೇಗಿತ್ತೋ ಹಾಗೆಯೇ ಇರುತ್ತದೆ. ಶಾಶ್ವತವಾಗಿ ಸರಿಯಾಗಬೇಕಾದರೆ ಅವಿಡೆಮಕ್ಸ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಧ್ವನಿ ಸರಿಸುವ ಜಾಗದಲ್ಲಿ ಅದೇ ಅಂಕಿಯನ್ನು ಕೊಟ್ಟು, ಚಿತ್ರವನ್ನು ‘ಕಾಪಿ’ ಎಂಬಲ್ಲೇ ಬಿಟ್ಟು ಹೊಸ ಫೈಲಾಗಿ ಉಳಿಸಬೇಕು. ಧ್ವನಿ ತಡವಾಗಿದ್ದರೆ ಅಂಕಿಯ ಮುಂದೆ ಮೈನಸ್ ಚಿಹ್ನೆ. ‘ಕಾಪಿ’ ಎಂದು ಬಿಡುವುದು ಏಕೆಂದರೆ, ಮತ್ತೊಮ್ಮೆ ಪರಿವರ್ತಿಸಿದಷ್ಟೂ ಹಳೆಯ ಚಿತ್ರ ಇನ್ನಷ್ಟು ಮಸುಕಾಗುತ್ತದೆ.

ಉಮ್ಮನ ಡಿವಿಡಿ ಅಷ್ಟು ಸುಲಭದ್ದಾಗಿರಲಿಲ್ಲ. ಮೊದಲ ಕುಟ್ಟಾಣಿ ಪೆಟ್ಟು ಸರಿಯಾಗಿತ್ತು. ನಡುವಿನದು ಒಂದು ಸೆಕೆಂಡ್ ತಡ. 58ನೆಯ ನಿಮಿಷದ್ದು ಎರಡು ಸೆಕೆಂಡ್ ತಡ. ಹೀಗೆ ಸಮನಾಗಿ ಹೆಚ್ಚುತ್ತಾ ಹೋಗುವುದಕ್ಕೆ ಮೂಲ ಅಂಗಡಿಯ ಕಂಪ್ಯೂಟರಿನಲ್ಲಿದೆ. ಟೇಪಿನಿಂದ ಚಿತ್ರವನ್ನು ಒಂದು ಕಾರ್ಡು ತೆಗೆದುಕೊಳ್ಳುತ್ತಿತ್ತು, ಧ್ವನಿಯನ್ನು ಇನ್ನೊಂದು ಕಾರ್ಡು. ಎರಡಕ್ಕೂ ಬೇರೆ ಬೇರೆ ಗಡಿಯಾರ. ಮನೆಯ ಎರಡು ಗೋಡೆ ಗಡಿಯಾರಗಳು ಎಂದಾದರೂ ಒಂದೇ ಸಮಯ ತೋರಿಸುತ್ತವೆಯೇ? ಜೊತೆಗೆ ಆಗಿನ ಕಂಪ್ಯೂಟರ್‌ಗಳಿಗೆ ವೇಗ ಸಾಲದೆ ಚಿತ್ರಗಳು ಅಲ್ಲೊಂದು ಇಲ್ಲೊಂದು ಬಿಟ್ಟುಹೋಗುತ್ತಿದ್ದವು. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಅಂದರೆ 58 ನಿಮಿಷಕ್ಕೆ 87,000. ಅಷ್ಟರಲ್ಲಿ 50 ಬಿಟ್ಟುಹೋದರೆ ಯಾರಿಗೂ ಕಾಣುವುದಿಲ್ಲ, ಆದರೆ ಧ್ವನಿ ಎರಡು ಸೆಕೆಂಡ್ ಹಿಂದೆ ಬೀಳುತ್ತದೆ.

ಇಂಥದ್ದಕ್ಕೆ ಧ್ವನಿಯನ್ನು ಸರಿಸಿ ಪ್ರಯೋಜನವಿಲ್ಲ. ಕೊನೆ ಸರಿಯಾದರೆ ಮೊದಲು ಕೆಡುತ್ತದೆ. ಇಡೀ ಧ್ವನಿಯನ್ನು ಚೂರು ಬೇಗ ಓಡಿಸಬೇಕು. ಅವಿಡೆಮಕ್ಸ್‌ನಲ್ಲಿ ಧ್ವನಿಯನ್ನು ಬೇರೆ ಫೈಲಾಗಿ ಉಳಿಸಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ವೇಗ ಬದಲಿಸುವ ಆಯ್ಕೆಯಲ್ಲಿ ಎಷ್ಟು ಎಂದು ಕೊಡಬೇಕು. ಲೆಕ್ಕ ಐದನೆಯ ತರಗತಿಯದೇ. 58 ನಿಮಿಷ ಎಂದರೆ 3480 ಸೆಕೆಂಡ್. ಎರಡನ್ನು 3480ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 0.057. ವೇಗ ಅಷ್ಟು ಹೆಚ್ಚಾಗಬೇಕು. ಉಮ್ಮನ ಸ್ವರ ಬದಲಾಗುತ್ತದೆಯೇ ಎಂಬ ಭಯ ನನಗಿತ್ತು. ಇಷ್ಟು ಸಣ್ಣ ಬದಲಾವಣೆ ಯಾವ ಕಿವಿಗೂ ತಿಳಿಯದು. ಆಮೇಲೆ ಆ ಧ್ವನಿಯನ್ನು ಚಿತ್ರಕ್ಕೆ ಮತ್ತೆ ಜೋಡಿಸಿ ಉಳಿಸುವುದು. ಅಣ್ಣನ ಮಗಳು ಪಕ್ಕದಲ್ಲಿದ್ದು ಇದನ್ನೆಲ್ಲ ಮಾಡಿಸಿದಳು. ನಿಮ್ಮ ಮನೆಯಲ್ಲೂ ಅಂಥ ಹುಡುಗಿ ಇದ್ದೇ ಇರುತ್ತಾಳೆ, ಕೇಳಿ.

ಈ ಸಲ ಚಿಕ್ಕಮ್ಮನನ್ನು ಒಬ್ಬರನ್ನೇ ಕೂರಿಸಿ ತೋರಿಸಿದೆ. ಅವರು ಎದ್ದು ಹೋಗಿದ್ದ ಭಾಗದ ಆಚೆಗೆ, ಅಕ್ಕಿ ರೊಟ್ಟಿ ಇಷ್ಟು ತೆಳ್ಳಗೆ ಮಾಡಲು ಯಾರು ಕಲಿಸಿದರು ಎಂದು ಅಣ್ಣ ಕೇಳುತ್ತಾನೆ. ಉಮ್ಮ ನಗುತ್ತಾ, ‘ನನ್ನ ತಂಗಿಯೇ ಕಲಿಸಿದ್ದು. ಅವಳ ಕೈ ಹಗುರ, ನನ್ನದು ಭಾರ’ ಎನ್ನುತ್ತಾರೆ. ಚಿಕ್ಕಮ್ಮ ಅದನ್ನು ಮತ್ತೆ ಹಾಕಿಸಿದರು. ಮತ್ತೆ ಮತ್ತೆ ಹಾಕಿಸಿದರು. ಕೊನೆಗೆ ಶ್ರವಣಯಂತ್ರ ಸರಿಮಾಡಿಕೊಳ್ಳುತ್ತಾ, ‘ಸುಳ್ಳು, ಅವಳ ಕೈಯೇ ಹಗುರವಿತ್ತು’ ಎಂದು ಟಿ.ವಿ.ಯತ್ತ ನೋಡಿಯೇ ಜಗಳಕ್ಕೆ ನಿಂತರು.

ಇಷ್ಟೆಲ್ಲ ಏಕೆ, ಅಂಗಡಿಗೆ ಕೊಟ್ಟರಾಗದೇ ಎಂದು ಕೇಳುವಿರಿ. ಗಂಡಸರ ಕಡೆಯ ನಿಕಾಹ್ ಮಾತ್ರ ಇರುವ ಸಿಡಿಯಾದರೆ ಕೊಡಿ. ಆದರೆ ಹೆಂಗಸರ ಕಡೆ ತೆಗೆದದ್ದು, ಮೆಹಂದಿಯ ರಾತ್ರಿಯದು? ಅಂದು ಮನೆಯ ಹೆಂಗಸರೇ ತಾನೇ ಎಂಬ ನಂಬಿಕೆಯಿಂದ ಕ್ಯಾಮೆರಾದ ಮುಂದೆ ನಿಂತವರು ನಮ್ಮ ಅಕ್ಕತಂಗಿಯರು, ನೆರೆಯವರು, ಅವರ ಹೆಣ್ಣುಮಕ್ಕಳು. ಅದು ನಮ್ಮ ಬಳಿ ಇರುವ ಅಮಾನತ್. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದರೆ ಅದು ಯಾರ ಮೊಬೈಲಿಗೆ ಹೋಗುತ್ತದೆಂದು ಯಾರು ಬಲ್ಲರು? ಇದೇ ಕಾರಣಕ್ಕೆ ‘ಇಲ್ಲಿ ಹಾಕಿ, ಸರಿಮಾಡಿ ಕೊಡುತ್ತೇವೆ’ ಎನ್ನುವ ಇಂಟರ್‌ನೆಟ್ ತಾಣಗಳಿಗೂ ಅವನ್ನು ಕಳುಹಿಸಬೇಡಿ. ಮೇಲೆ ಹೇಳಿದ ಮೂರು ತಂತ್ರಾಂಶಗಳೂ ನಿಮ್ಮ ಕಂಪ್ಯೂಟರಿನೊಳಗೇ ಕೆಲಸ ಮುಗಿಸುತ್ತವೆ.

ಇನ್ನೊಂದು ಮಾತು, ಸಿಡಿಯಿಂದ ನೇರವಾಗಿ ಏನೂ ಮಾಡಬೇಡಿ. ಮೊದಲು ಅದರೊಳಗಿನ ಫೋಲ್ಡರನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲದಿದ್ದರೆ ಯುಎಸ್‌ಬಿ ವೈರಿನಿಂದ ಜೋಡಿಸುವ ಡ್ರೈವ್ ಸಿಗುತ್ತದೆ, ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ಸಾಕು. ಮನೆಯಲ್ಲಿ ಬರೆದ ಸಿಡಿಯ ಒಳಗಿರುವುದು ಬಣ್ಣದ ತೆಳು ಪದರ, ಬಿಸಿಲಿಗೆ ಅದು ಮಾಸುತ್ತದೆ. ಕೊಳೆಯಾಗಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ತಟ್ಟೆ ತೊಳೆದಂತೆ ಸುತ್ತ ತಿಕ್ಕಬೇಡಿ.

ನಡುವೆ ಥಟ್ಟನೆ ತಪ್ಪುವ ಸಿಡಿಗಳ ಬಗ್ಗೆ ಹೇಳಲಿಲ್ಲ. ಟೇಪನ್ನು ನಿಲ್ಲಿಸಿ ಮತ್ತೆ ತೆಗೆದಲ್ಲಿ, ಎರಡು ಟೇಪು ಜೋಡಿಸಿದಲ್ಲಿ ಹಾಗಾಗುತ್ತದೆ. ಅಲ್ಲಿಗೆ ಕತ್ತರಿಸಿ, ಪ್ರತಿ ತುಂಡಿಗೂ ಬೇರೆ ಬೇರೆ ಅಂಕಿ ಕೊಡಬೇಕು. ತಂಗಿಯ ನಿಕಾಹ್‌ನ ಡಿವಿಡಿ ಅಂಥದ್ದು, ಏಳು ಕಡೆ ತಪ್ಪಿದೆ. ಐದು ತುಂಡು ಮುಗಿದಿವೆ. ಆರನೆಯದರಲ್ಲಿ ಬಡಿಯುವ ಸದ್ದು ಒಂದೂ ಸಿಕ್ಕಿಲ್ಲ, ಒಂದು ಬಳೆಯ ಸದ್ದನ್ನು ಹಿಡಿದುಕೊಂಡು ನೋಡುತ್ತಿದ್ದೇನೆ.