ಮಂದ್ರದ ತಂತಿ

ಗಿಟಾರಿಲ್ಲದ ಮನೆ ನಮ್ಮ ಬೀದಿಯಲ್ಲಿ ಈಗ ವಿರಳವಾಗುತ್ತಿದೆ. ಮೂರು ನಾಲ್ಕು ಸ್ವರಮೇಳಗಳನ್ನು ಕೈಗೆ ಹತ್ತಿಸಿಕೊಂಡ ಹುಡುಗನು ಕೆಲವೇ ತಿಂಗಳಲ್ಲಿ ಹತ್ತಾರು ಸಿನಿಮಾ ಹಾಡುಗಳಿಗೆ ಆಸರೆ ಕೊಟ್ಟು, ನೆಂಟರಿಷ್ಟರಿಂದ ಭಲೆ ಎನ್ನಿಸಿಕೊಳ್ಳುತ್ತಾನೆ. ನಮ್ಮ ಕಿರಿಯ ಮಗಳು ಆರಿಸಿಕೊಂಡದ್ದು ಅದರ ಅಣ್ಣನನ್ನು, ಎಂದರೆ ಬೇಸ್ ಗಿಟಾರನ್ನು. ಇದಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ. ಗಿಟಾರಿನ ಕೆಳಗಿನ ನಾಲ್ಕು ಸ್ವರಗಳೇ, ಆದರೆ ಒಂದು ಸ್ಥಾಯಿ ತಗ್ಗಿನಲ್ಲಿ. ಅತಿ ದಪ್ಪನೆಯ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕೈಫೋನಿನ ಪುಟ್ಟ ಧ್ವನಿವರ್ಧಕಕ್ಕೆ ಅಂತಹ ನಾದವನ್ನು ಹೊರಡಿಸುವ ಶಕ್ತಿಯಿಲ್ಲ. ಆದುದರಿಂದ ಹಾಡುಗಳನ್ನು ಅದರಲ್ಲಿಯೇ ಕೇಳುವವರು ಈ ವಾದ್ಯದ ಇರವನ್ನೇ ಅರಿಯದೆ ಹೋಗುವುದುಂಟು.

ಹಿಂದೆ ಈ ಕೆಲಸವನ್ನು ಆಳೆತ್ತರದ ಪಿಟೀಲಿನಂತಹ ವಾದ್ಯವೊಂದು ಮಾಡುತ್ತಿದ್ದಿತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತನು ಹೊರತಂದ ವಿದ್ಯುತ್ ಬೇಸ್ ಅದನ್ನು ಹೆಗಲಿಗೆ ತೂಗುಹಾಕಿಕೊಳ್ಳುವಷ್ಟು ಸುಲಭಗೊಳಿಸಿತು. ಆದರೂ ಇದನ್ನು ಹಂಬಲಿಸಿ ಹಿಡಿದವರು ಕಡಮೆಯೆಂದು ತೋರುತ್ತದೆ. ಬೀಟಲ್ಸ್ ಗುಂಪಿನಲ್ಲಿ 1961ರಲ್ಲಿ ಬೇಸ್ ನುಡಿಸುವವನು ಬಿಟ್ಟುಹೋದಾಗ ಉಳಿದವರಿಗೆ ಮನಸ್ಸಿಲ್ಲದೆ, ಪಾಲ್ ಮೆಕಾರ್ಟ್ನಿ ಅದನ್ನು ವಹಿಸಿಕೊಂಡನಂತೆ.

ನಮ್ಮ ಮನೆಯಲ್ಲಿಯೂ ಆಕ್ಷೇಪಣೆ ಇಲ್ಲದಿರಲಿಲ್ಲ. ನೆಂಟರು ಬಂದು “ಒಂದು ಹಾಡು ನುಡಿಸಮ್ಮ” ಎಂದರೆ ಇವಳು ಧುಂ ಧುಂ ಎಂದು ನಾಲ್ಕು ಸ್ವರಗಳನ್ನು ಸುತ್ತುವಳು; ಅವರು ಮುಖಮುಖ ನೋಡಿಕೊಂಡು ಕಾಫಿಯ ಲೋಟಕ್ಕೆ ಕೈಹಾಕುವರು. “ಇಷ್ಟು ದುಡ್ಡು ಸುರಿದಮೇಲೆ ಒಂದು ದೇವರನಾಮವಾದರೂ ಬರಬೇಡವೇನೇ?” ಎಂದು ಅವಳ ತಾಯಿ ಕೇಳಿದಳು. ಮಗಳು ವಾದಕ್ಕಿಳಿಯಲಿಲ್ಲ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜರು ಸಂಗೀತ ಕೊಟ್ಟಿದ್ದರಷ್ಟೆ. ಅದರ ಹಾಡೊಂದನ್ನು ನನ್ನ ಹೆಂಡತಿ ಅಡಿಗೆಮನೆಯಲ್ಲಿ ಗುನುಗುವ ವಾಡಿಕೆ. “ಅದನ್ನೇ ಹಾಡಮ್ಮ” ಎಂದು ಮಗಳು ಕೆಳಗಿನಿಂದ ನಾದ ಕೊಡತೊಡಗಿದಳು. ಅನುಪಲ್ಲವಿಯ ನಡುವೆ ಥಟ್ಟನೆ ಕೈ ತೆಗೆದಳು. ಇವಳ ಹಾಡೂ ನಿಂತಿತು. “ಯಾಕೆ ನಿಲ್ಲಿಸಿದೆ?” ಎಂದು ಇವಳೇ ಕೇಳಿದಳು. ಅಂದಿನಿಂದ ದೇವರನಾಮದ ಪ್ರಸ್ತಾಪ ಎದ್ದಿಲ್ಲ.

ನನ್ನ ಆಸ್ಥೆಗೆ ಬೇರೊಂದು ಕಾರಣವುಂಟು. ಶಕಾರ, ಷಕಾರ, ಸಕಾರಗಳ ಭೇದವನ್ನು ಮೂವತ್ತು ವರ್ಷ ಮಕ್ಕಳಿಗೆ ತಿದ್ದಿದವನು ನಾನು. ಈಗ ಆ ಮೂರೂ ನನ್ನ ಕಿವಿಯಲ್ಲಿ ಒಂದಾಗತೊಡಗಿವೆ. ವಯಸ್ಸು ಮೊದಲು ಅಪಹರಿಸುವುದು ಉಚ್ಚನಾದಗಳನ್ನೆಂದೂ, ಈ ಊಷ್ಮಾಕ್ಷರಗಳ ಗುರುತು ಅಲ್ಲಿಯೇ ಇರುವುದೆಂದೂ ವೈದ್ಯರು ತಿಳಿಸಿದರು. ದೂರದರ್ಶನದಲ್ಲಿ ಹಾಡು ಬಂದರೆ ಸಾಹಿತ್ಯ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಮಗಳ ತಂತಿಯಾದರೋ ಹಾಗಲ್ಲ. ಪಕ್ಕದ ಕೋಣೆಯಿಂದ ನೆಲವನ್ನು ಹಿಡಿದು ಬಂದು, ಮಂಚದ ಕಾಲನ್ನು ಹತ್ತಿ, ನನ್ನನ್ನು ಮುಟ್ಟುತ್ತದೆ. ಮಂದ್ರದ ನೆಲೆ ಹೃದಯ, ಮಧ್ಯದ್ದು ಕಂಠ, ತಾರದ್ದು ಶಿರಸ್ಸು ಎಂದು ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಹೇಳಿರುವುದನ್ನು ವಿದ್ಯಾರ್ಥಿಯಾಗಿದ್ದಾಗ ಬಾಯಿಪಾಠ ಮಾಡಿದ್ದೆ. ಅವನು ಹೇಳಿದ್ದು ಗಾಯಕನ ದೇಹವನ್ನು ಕುರಿತು. ಕೇಳುವವನ ಎದೆಗೂ ಅದು ಸಲ್ಲುವುದೆಂದು ಈಗ ರಾತ್ರಿ ಮಲಗಿದಲ್ಲಿಯೇ ತಿಳಿಯುತ್ತಿದೆ.

ಮುಂದಿನ ತಿಂಗಳು ಅವಳು ಉದ್ಯೋಗಕ್ಕೆಂದು ಪುಣೆಗೆ ಹೊರಡುತ್ತಾಳೆ. ವಾದ್ಯವೂ ಜೊತೆಯಲ್ಲಿ ಹೋಗುತ್ತದೆ. ರಾತ್ರಿ ಒಂಬತ್ತು ಹೊಡೆದಮೇಲೆ ಬಾಗಿಲಿನಿಂದ ಇಣುಕಿ, “ಅಪ್ಪ, ಶಬ್ದ ಜಾಸ್ತಿಯಾಯಿತೇ?” ಎಂದು ಕೇಳುತ್ತಾಳೆ. ನೆರೆಮನೆಯವರು ಏನೆಂದುಕೊಳ್ಳುವರೋ ಎಂಬ ಅಳುಕಿದ್ದರೂ, ಇಲ್ಲವೆನ್ನುತ್ತೇನೆ.